ಒಂದು ಟನ್ ಹೊರುವ ಪೀಠ: ಅಕ್ವೇರಿಯಂ ಸ್ಟ್ಯಾಂಡ್ ಮತ್ತು ಮರಗೆಲಸದವರ ಹೊಣೆ

ಮನೆಯ ಹಜಾರದ ಮೇಜೊಂದರ ಮೇಲೆ 50 ಕೆ.ಜಿ. ತೂಕದ 18 ಸಿಮೆಂಟ್ ಚೀಲಗಳನ್ನು ಪೇರಿಸಿ ಹತ್ತು ವರ್ಷ ಕದಲಿಸದೆ ಇಡುವುದಾಗಿ ಗ್ರಾಹಕರೊಬ್ಬರು ಹೇಳಿದರೆ, ಯಾವ ಬಡಗಿಯಾದರೂ ಮೊದಲು ಆ ಮೇಜಿನ ಕಾಲುಗಳನ್ನು ಮುಟ್ಟಿ ನೋಡುತ್ತಾರೆ. ಅದೇ ಗ್ರಾಹಕರು ಆರು ಅಡಿಯ ಅಕ್ವೇರಿಯಂಗೆ ಟಿ.ವಿ. ಯೂನಿಟ್‌ಗೆ ಹೊಂದುವಂತಹ ಒಂದು ಸ್ಟ್ಯಾಂಡ್ ಬೇಕೆಂದು ಕೇಳಿದರೆ ಮಾತು ನೇರವಾಗಿ ಲ್ಯಾಮಿನೇಟಿನ ಬಣ್ಣಕ್ಕೂ ಹಿಡಿಕೆಗಳ ಮಾದರಿಗೂ ಹೋಗುತ್ತದೆ. ಎರಡು ಬೇಡಿಕೆಗಳೂ ಒಂದೇ ತೂಕದವು ಎಂಬುದು ಅಂದಾಜು ಪಟ್ಟಿ ಬರೆಯುವಾಗ ಯಾರ ಗಮನಕ್ಕೂ ಬಾರದೆ ಹೋಗುವುದುಂಟು.

ಲೆಕ್ಕ ಕಷ್ಟದ್ದಲ್ಲ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯ ಗಾತ್ರ 24 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಅಂಚಿನವರೆಗೆ ತುಂಬಿದರೆ 680 ಲೀಟರ್; ಮೇಲೆ ಎರಡು ಅಂಗುಲ ಖಾಲಿ ಬಿಟ್ಟರೂ 620 ಲೀಟರ್ ನೀರು, ಅಂದರೆ 620 ಕೆ.ಜಿ. ತಳ ಮತ್ತು ನಾಲ್ಕು ಬದಿ ಸೇರಿ 44 ಚದರ ಅಡಿಯಷ್ಟು 12 ಮಿ.ಮೀ. ಗಾಜು ಬೇಕಾಗುತ್ತದೆ, ಅದರ ತೂಕ 120 ಕೆ.ಜಿ.ಗೂ ಹೆಚ್ಚು. ತಳದಲ್ಲಿ ಹರಡುವ ಜಲ್ಲಿ, ಅಲಂಕಾರದ ಕಲ್ಲುಗಳು, ದೀಪದ ಮುಚ್ಚಳ ಇವೆಲ್ಲ ಸೇರಿದಾಗ ಪೀಠದ ಮೇಲೆ ಬೀಳುವ ಭಾರ 900 ಕೆ.ಜಿ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಪೀಠದ ಸ್ವಂತ ತೂಕ ಸೇರಿಸಿದರೆ ನೆಲ ಹೊರಬೇಕಾದದ್ದು ಒಂದು ಟನ್ನಿಗೆ ಅಷ್ಟೇನೂ ಕಡಿಮೆಯಿಲ್ಲ. ಅದು ಒಂದು ಸಣ್ಣ ಕಾರಿನ ತೂಕವನ್ನು ಮೀರುತ್ತದೆ.

ಈ ಭಾರದ ಹೊಣೆ ಯಾರದು? ಗಾಜಿನ ತೊಟ್ಟಿಯನ್ನು ಒಬ್ಬರು ಅಂಟಿಸಿ ಕೊಡುತ್ತಾರೆ. ಪೀಠವನ್ನು ಮತ್ತೊಬ್ಬರು, ಬಹುತೇಕ ಮನೆಯ ಒಳಾಂಗಣದ ಗುತ್ತಿಗೆ ಹಿಡಿದ ಬಡಗಿಯೇ, ಮಾಡಿ ಕೊಡುತ್ತಾರೆ. ನೆಲ ಕಟ್ಟಡ ನಿರ್ಮಿಸಿದವರದು. ಗಾಜಿನ ಸಂದು ಬಿಟ್ಟು ನೀರು ಹೊರಬಂದ ದಿನ ಮೂವರೂ ಪರಸ್ಪರರನ್ನು ತೋರಿಸುವುದು ಈ ಕಸುಬಿನಲ್ಲಿ ಹೊಸತಲ್ಲ. 620 ಲೀಟರ್ ಎಂದರೆ ಮನೆಗೆ ತರಿಸುವ 20 ಲೀಟರಿನ ಕುಡಿಯುವ ನೀರಿನ 31 ಕ್ಯಾನುಗಳು ಒಮ್ಮೆಗೇ ಉರುಳಿದಂತೆ. ಬಹುಮಹಡಿ ಕಟ್ಟಡಗಳಲ್ಲಿ ಅಷ್ಟು ನೀರು ಆ ಮನೆಯಲ್ಲೇ ನಿಲ್ಲುವುದೂ ಇಲ್ಲ.

ಭಾರ ಇಳಿಯುವ ದಾರಿ

ಮರದ ಬಲ ಸಾಲದೆ ಪೀಠ ಕುಸಿಯುತ್ತದೆ ಎಂಬುದು ಸಾಮಾನ್ಯ ಭಾವನೆ. ವಾಸ್ತವ ಬೇರೆ. ಮೂರು ಅಂಗುಲ ಚೌಕದ ಆರು ಕಾಲುಗಳ ಮೇಲೆ 900 ಕೆ.ಜಿ. ಹಂಚಿಹೋದರೆ ಒಂದೊಂದು ಕಾಲಿಗೆ 150 ಕೆ.ಜಿ., ಅಂದರೆ ಚದರ ಅಂಗುಲಕ್ಕೆ 17 ಕೆ.ಜಿ.ಗೂ ಕಡಿಮೆ. ಕಾಂಡದ ಉದ್ದಕ್ಕೆ ನಿಲ್ಲಿಸಿದ ತೇಗವಾಗಲಿ ಹೊನ್ನೆಯಾಗಲಿ ಇದರ ಹಲವು ಪಟ್ಟು ಭಾರವನ್ನು ನಿರಾಯಾಸವಾಗಿ ಹೊರಬಲ್ಲದು. ಸೋಲುವುದು ಜೋಡಣೆ.

ಟಿ.ವಿ. ಯೂನಿಟ್ ಅಥವಾ ಪುಸ್ತಕದ ಕಪಾಟನ್ನು ಕಟ್ಟುವ ಕ್ರಮವನ್ನು ಗಮನಿಸಬಹುದು. ಎರಡು ಪಕ್ಕದ ಹಲಗೆಗಳ ನಡುವೆ ಮೇಲಿನ ಹಲಗೆಯನ್ನು ಕೂರಿಸಿ ಹೊರಗಿನಿಂದ ಸ್ಕ್ರೂ ಹೊಡೆಯುವುದು ರೂಢಿ. ಮೇಲಿನಿಂದ ನೋಡಿದಾಗ ಸಂದು ಕಾಣದೆ ಅಚ್ಚುಕಟ್ಟಾಗಿರುತ್ತದೆ. ಆದರೆ ಆ ಪೆಟ್ಟಿಗೆಯ ಮೇಲೆ ಇಟ್ಟ ತೂಕವೆಲ್ಲ ಕೊನೆಗೆ ನಿಲ್ಲುವುದು ಬೆರಳೆಣಿಕೆಯ ಸ್ಕ್ರೂಗಳ ಮೇಲೆ. ಅದೂ ಹಲಗೆಯ ಕೊರೆದ ತುದಿಗೆ ಹೊಕ್ಕ ಸ್ಕ್ರೂ; ಮರದ ನಾರಿನ ತುದಿಯಲ್ಲಿ ಸ್ಕ್ರೂವಿನ ಹಿಡಿತ ಅತ್ಯಂತ ದುರ್ಬಲ ಎಂಬುದನ್ನು ಯಾವ ಅನುಭವಸ್ಥ ಬಡಗಿಗೂ ಹೇಳಿಕೊಡಬೇಕಾಗಿಲ್ಲ. ಟಿ.ವಿ.ಗೆ ಇದು ಧಾರಾಳವಾಗಿ ಸಾಕು. ಅಕ್ವೇರಿಯಂಗೆ ಸಾಲದು.

ಅಕ್ವೇರಿಯಂ ಪೀಠದ ಮೂಲ ನಿಯಮ ಒಂದೇ: ಭಾರವು ಮರದಿಂದ ಮರಕ್ಕೆ ನೇರವಾಗಿ ಇಳಿದು ನೆಲ ಸೇರಬೇಕು, ಸ್ಕ್ರೂ ಮತ್ತು ಅಂಟು ಮರಗಳನ್ನು ಸ್ಥಾನದಲ್ಲಿ ಹಿಡಿದಿಡಬೇಕೇ ಹೊರತು ತೂಕ ಹೊರಬಾರದು. ಎಲ್ಲ ಸ್ಕ್ರೂಗಳನ್ನೂ ಕಳಚಿದರೂ ಪೀಠ ತನ್ನ ಕಾಲ ಮೇಲೆ ನಿಲ್ಲುವಂತಿದೆಯೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಮೇಲಿನ ಚೌಕಟ್ಟಿನ ಉದ್ದದ ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಆನಿಸಿ ಸ್ಕ್ರೂ ಹಾಕುವ ಬದಲು, ಮೂರು ಅಂಗುಲದ ಕಾಲಿನ ತಲೆಯಲ್ಲಿ ಎರಡು ಅಂಗುಲ ಅಗಲದ ಕಚ್ಚು ತೆಗೆದು ಪಟ್ಟಿಯನ್ನು ಅದರಲ್ಲಿ ಕೂರಿಸಬೇಕು. ಹಿಂದೆ ಉಳಿಯುವ ಒಂದು ಅಂಗುಲದ ನಾಲಿಗೆ ಪಟ್ಟಿ ಒಳಕ್ಕೆ ಸರಿಯದಂತೆ ತಡೆಯುತ್ತದೆ, ತೂಕ ಕಚ್ಚಿನ ಮೇಲೆ ಬೀಳುತ್ತದೆ. ಇದಕ್ಕೆ ಅರ್ಧ ದಿನದ ಉಳಿಯ ಕೆಲಸ ಹೆಚ್ಚಾಗಬಹುದು, ಅಷ್ಟೆ.

ಇನ್ನು ಬಾಗುವಿಕೆ. ನಾಲ್ಕು ಅಂಗುಲ, ಎರಡು ಅಂಗುಲದ ಪಟ್ಟಿಯನ್ನು ಮಲಗಿಸಿ ಇಡುವುದಕ್ಕೂ ಅಂಚಿನ ಮೇಲೆ ನಿಲ್ಲಿಸಿ ಇಡುವುದಕ್ಕೂ ಮರದ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. ಬಿಗಿತ ಮಾತ್ರ ನಾಲ್ಕು ಪಟ್ಟು ಹೆಚ್ಚು. ಕಾಲುಗಳ ನಡುವಿನ ಅಂತರದ ಪರಿಣಾಮ ಇದಕ್ಕಿಂತಲೂ ತೀವ್ರ. ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ಅಂತರ ಇಮ್ಮಡಿಯಾದರೆ ಬಾಗುವಿಕೆ 16 ಪಟ್ಟಾಗುತ್ತದೆ. ಮೇಲಿನ ತೊಟ್ಟಿಗೆ ಮುಂದೊಂದು ಹಿಂದೊಂದು ತೇಗದ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಮಧ್ಯದಲ್ಲೂ ಕಾಲು ಕೊಟ್ಟು ಮೂರು ಮೂರು ಅಡಿಯ ಅಂಕಣ ಮಾಡಿದರೆ ಪಟ್ಟಿ ಬಾಗುವುದು ಸುಮಾರು ಅರ್ಧ ಮಿಲಿಮೀಟರ್. ಮಧ್ಯದ ಕಾಲು ತೆಗೆದರೆ ಅದೇ ಪಟ್ಟಿ ಒಂಬತ್ತು ಮಿಲಿಮೀಟರಿನಷ್ಟು ಇಳಿಯಲು ನೋಡುತ್ತದೆ.

ಒಂಬತ್ತು ಮಿಲಿಮೀಟರ್ ಕಣ್ಣಿಗೆ ದೊಡ್ಡದಲ್ಲ. ಬೆಂಚಿನ ಹಲಗೆ ಅಷ್ಟು ಬಾಗಿದರೆ ಕೂತವರಿಗೆ ತಿಳಿಯುವುದೂ ಇಲ್ಲ. ಆದರೆ ದಪ್ಪ ಗಾಜು ಮರದೊಂದಿಗೆ ಬಾಗಲು ಒಪ್ಪುವುದಿಲ್ಲ. ಪೀಠ ಮಧ್ಯದಲ್ಲಿ ಕುಗ್ಗಿದಾಗ ತೊಟ್ಟಿ ಎರಡು ತುದಿಗಳ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ತಳದ ಗಾಜಿಗೂ ಸಿಲಿಕೋನ್ ಸಂದುಗಳಿಗೂ ತಾವು ಹೊರಬೇಕಾಗಿಲ್ಲದ ಒತ್ತಡ ಬೀಳುತ್ತದೆ. ಆ ಸಂದುಗಳಿಗೆ ಮೊದಲೇ ಕೆಲಸ ಸಾಕಷ್ಟಿದೆ. ಎರಡು ಅಡಿ ಆಳದ ನೀರು ಆರು ಅಡಿ ಉದ್ದದ ಮುಂಭಾಗದ ಗಾಜನ್ನು ಹೊರಕ್ಕೆ ನೂಕುವ ಒಟ್ಟು ಬಲ ಸುಮಾರು 340 ಕೆ.ಜಿ. ಭಾರಕ್ಕೆ ಸಮ. ಒಂದು ಮೂಲೆ ಮಾತ್ರ ತಗ್ಗಿ ಪೀಠ ತಿರುಚಿಕೊಂಡರೆ ಇನ್ನೂ ಅಪಾಯ. ಉದ್ದಕ್ಕೆ ಸ್ವಲ್ಪ ವಾಲಿದ ತೊಟ್ಟಿ ವರ್ಷಗಟ್ಟಲೆ ನಿಲ್ಲಬಹುದು, ತಿರುಚಿದ ಪೀಠದ ಮೇಲಿನದು ನಿಲ್ಲುವ ಭರವಸೆಯಿಲ್ಲ. ಒಡೆದದ್ದು ಗಾಜಾದ್ದರಿಂದ ದೂರು ಹೋಗುವುದು ಗಾಜಿನವರಿಗೆ. ತಪ್ಪು ಬಹಳ ಸಲ ಕೆಳಗಿರುತ್ತದೆ.

ಮಧ್ಯದ ಕಾಲಿನ ವಿಷಯದಲ್ಲಿ ಗ್ರಾಹಕರ ಜೊತೆ ಒಂದು ಚರ್ಚೆ ಖಚಿತ. ಪೀಠದೊಳಗೆ ನೀರು ಶುದ್ಧೀಕರಿಸುವ ಎರಡನೆಯ ತೊಟ್ಟಿಯನ್ನು ಇಡುವವರಿಗೆ ಮುಂಭಾಗದ ನಡುಗಾಲು ಅಡ್ಡವಾಗುತ್ತದೆ, ತೆಗೆದುಬಿಡಿ ಎನ್ನುತ್ತಾರೆ. ಪಟ್ಟಿಯ ಎತ್ತರವನ್ನು ನಾಲ್ಕರಿಂದ ಆರು ಅಂಗುಲಕ್ಕೆ ಏರಿಸಿದರೂ ಬಿಗಿತ ಹೆಚ್ಚುವುದು ಸುಮಾರು 3.4 ಪಟ್ಟು ಮಾತ್ರ. ಕಳೆದುಕೊಂಡ 16 ಪಟ್ಟನ್ನು ಅದು ತುಂಬಿಕೊಡುವುದಿಲ್ಲ. ಪೀಠದ ಒಂದು ಪಕ್ಕವನ್ನೇ ಬಾಗಿಲಾಗಿ ಮಾಡಿ ಒಳತೊಟ್ಟಿಯನ್ನು ಅಡ್ಡದಿಂದ ತಳ್ಳುವಂತೆ ಯೋಜಿಸುವುದು ಉತ್ತಮ. ಈ ಅಳತೆಯನ್ನು ಮರ ಕೊಯ್ಯುವ ಮೊದಲು ಕೇಳಬೇಕು. ಪಾಲಿಶ್ ಮುಗಿದ ಮೇಲೆ ಕೇಳಿದವರು ಗರಗಸ ಹಿಡಿದು ಅದೇ ಕಾಲನ್ನು ಕೊಯ್ದದ್ದುಂಟು.

ಚೌಕಟ್ಟಿನ ಅಡ್ಡಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಕೊಟ್ಟು, ಅದರ ಮೇಲೆ 18 ಅಥವಾ 19 ಮಿ.ಮೀ. ಪ್ಲೈವುಡ್ ಹಾಸಿದರೆ ತಳದ ಗಾಜಿಗೆ ಉದ್ದಕ್ಕೂ ಆಸರೆ ಸಿಗುತ್ತದೆ. ಅಡ್ಡಡ್ಡ ಅಲುಗಾಟವನ್ನು ತಡೆಯಲು ಹಿಂಭಾಗಕ್ಕೆ 12 ಮಿ.ಮೀ. ಪ್ಲೈ ಹೊದಿಸುವುದು ಸುಲಭದ ದಾರಿ. ಕೊಳವೆಗಳಿಗಾಗಿ ಅದರಲ್ಲಿ ದುಂಡು ರಂಧ್ರ ಬಿಡಬಹುದು. ಗಾಳಿಯಾಡಲೆಂದು ಇಡೀ ಹಿಂಬದಿಯನ್ನೇ ತೆರೆದಿಟ್ಟ ಪೀಠ ಮಕ್ಕಳು ಒರಗಿದರೂ ತೂಗಾಡುತ್ತದೆ. ಮೇಲ್ಗಡೆ ತೊಟ್ಟಿಯ ಅಡಿಗೆ ಹಾಕುವ ಥರ್ಮಾಕೋಲ್ ಹಾಳೆ ಮರದ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ನುಂಗಿಕೊಳ್ಳುತ್ತದೆಯೇ ಹೊರತು ಬಾಗಿದ ಪೀಠವನ್ನು ನೇರ ಮಾಡುವುದಿಲ್ಲ.

ಮರದ ಆಯ್ಕೆ

ಇಂತಹ ಒಂದು ಚೌಕಟ್ಟಿಗೆ ಬೇಕಾಗುವ ಮರ ಸುಮಾರು ಮೂರು ಘನ ಅಡಿ. ಕೊಯ್ತದ ನಷ್ಟ ಸೇರಿಸಿದರೆ ಮೂರೂವರೆ. ಲ್ಯಾಮಿನೇಟು, ಹಿಡಿಕೆ, ಕೀಲುಗಳಿಗೆ ಧಾರಾಳವಾಗಿ ಖರ್ಚು ಮಾಡುವ ಗ್ರಾಹಕರಿಗೆ ಈ ಮೂರೂವರೆ ಘನ ಅಡಿಯಲ್ಲಿ ಉಳಿತಾಯ ಮಾಡಿಕೊಡುವುದು ಉಪಕಾರವಲ್ಲ.

ತೇಗಕ್ಕೆ ಇಲ್ಲಿ ಪ್ರಾಶಸ್ತ್ಯ ಬಂದಿರುವುದು ಅಂದಕ್ಕಾಗಿ ಮಾತ್ರವಲ್ಲ. ಒದ್ದೆ ಒಣಗುಗಳ ನಡುವೆ ಅದು ಕಡಿಮೆ ಹಿಗ್ಗಿ ಕಡಿಮೆ ಕುಗ್ಗುತ್ತದೆ, ಅದರ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಈ ಗುಣಗಳು ಚೇಗಿನವು. ಹೊರಗಿನ ಬಿಳಿಮರಕ್ಕೆ ಅನ್ವಯಿಸುವುದಿಲ್ಲ. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿದ ಮೇಲೆ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ನೆಡುತೋಪುಗಳ ತೇಗ ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಕವಾಗಿದೆ. ಎಳೆಯ ವಯಸ್ಸಿನಲ್ಲಿ ಕಡಿದ ಮರದಲ್ಲಿ ಬಿಳಿಯ ಪಾಲು ಹೆಚ್ಚು. 'ಬರ್ಮಾ' ಎಂಬ ಹೆಸರು ಬಾಯಿಮಾತಿನಲ್ಲಿ ಮಾತ್ರ ಉಳಿದು ಬಿಲ್ಲಿನಲ್ಲಿ ಇಲ್ಲದಿದ್ದರೆ, ಕೊಳ್ಳುವ ಬಡಗಿಯೇ ಎಚ್ಚರ ವಹಿಸಬೇಕು. ಮರದ ಜಾತಿಯ ಬಗ್ಗೆ ಸಂಶಯವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮಾದರಿಯನ್ನು ಪರೀಕ್ಷಿಸಿ ಗುರುತಿಸುವ ಸೇವೆ ನೀಡುತ್ತದೆ.

ತೇಗವೇ ಆಗಬೇಕೆಂದಿಲ್ಲ. ಲ್ಯಾಮಿನೇಟಿನ ಹಿಂದೆ ಮರೆಯಾಗುವ ಚೌಕಟ್ಟಿಗೆ ಹೊನ್ನೆ, ನಂದಿ, ಮತ್ತಿ, ಬಲಿತ ಹಲಸು ಎಲ್ಲವೂ ಯೋಗ್ಯ. ಮತ್ತಿ ಬಲು ಗಟ್ಟಿ, ಆದರೆ ಸೀಳುವ ಸ್ವಭಾವದ್ದು. ಮೊದಲು ರಂಧ್ರ ಕೊರೆಯದೆ ಸ್ಕ್ರೂ ಇಳಿಸಬಾರದು. ಯಾವುದೇ ಮರವಾದರೂ ಚೆನ್ನಾಗಿ ಒಣಗಿರುವುದು ಮುಖ್ಯ. ಹಸಿ ಮರದಲ್ಲಿ ಇಂದು ರಸಮಟ್ಟಕ್ಕೆ ಸರಿಯಾಗಿ ಕೂತ ಚೌಕಟ್ಟು ಆರು ತಿಂಗಳ ನಂತರ ತಿರುಚಿಕೊಂಡಿರುತ್ತದೆ, ಅಷ್ಟರಲ್ಲಿ ಮೇಲೆ ತೊಟ್ಟಿ ತುಂಬಿರುತ್ತದೆ. ಮರ ಹಿಗ್ಗಿ ಕುಗ್ಗುವುದು ಹೆಚ್ಚಾಗಿ ನಾರಿನ ಅಡ್ಡಕ್ಕೆ. ಮೇಲಿನ ಹಾಸಿಗೆ ಗಟ್ಟಿ ಹಲಗೆಗಳಿಗಿಂತ ಪ್ಲೈವುಡ್ಡೇ ಮೇಲು ಎನ್ನುವುದಕ್ಕೂ ಇದೇ ಕಾರಣ.

ಪ್ಲೈವುಡ್‌ನಲ್ಲಿ 'ವಾಟರ್‌ಪ್ರೂಫ್' ಎಂಬ ಅಂಗಡಿಯ ಮಾತಿಗೆ ಅರ್ಥವಿಲ್ಲ. ಹಾಳೆಯ ಮೇಲೆ ಐ.ಎಸ್. 710 ಎಂಬ ಗುರುತಿದ್ದರೆ ಅದು ಮೆರೈನ್ ದರ್ಜೆ; ಐ.ಎಸ್. 303 ಸಾಮಾನ್ಯ ಬಳಕೆಯದು, ಅದರಲ್ಲೂ ತೇವ ತಡೆಯುವುದು ಮತ್ತು ಕುದಿನೀರು ತಡೆಯುವುದು ಎಂದು ಎರಡು ಬಗೆ. ಸಂಶಯವಿದ್ದವರು ತುಂಡೊಂದನ್ನು ಕೆಲವು ಗಂಟೆ ಕುದಿಸಿ ಪದರ ಬಿಡುತ್ತದೆಯೇ ಎಂದು ನೋಡುವ ಹಳೆಯ ಉಪಾಯವನ್ನು ಇಂದಿಗೂ ಮಾಡಬಹುದು. ಪಾರ್ಟಿಕಲ್ ಬೋರ್ಡ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಅದು ಮೊದಲಿನ ಬಲಕ್ಕೆ ಮರಳುವುದಿಲ್ಲ.

ಕಬ್ಬಿಣದ ಆಂಗಲ್ ಬೆಸೆದು ಮಾಡುವ ಸ್ಟ್ಯಾಂಡುಗಳು ಅಗ್ಗವಾಗಿ ದೊರೆಯುವಾಗ ಮರವೇಕೆ ಎಂಬ ಪ್ರಶ್ನೆ ಸಹಜ. ಒಳ್ಳೆಯ ಕಬ್ಬಿಣದ ಚೌಕಟ್ಟು ಕೆಟ್ಟ ಮರದ ಪೆಟ್ಟಿಗೆಗಿಂತ ಸಾವಿರ ಪಾಲು ಮೇಲು ಎಂಬುದನ್ನು ಮರಗೆಲಸದವರೂ ಒಪ್ಪಬೇಕು. ಬೆಸುಗೆಯ ಕಾವಿಗೆ ಚೌಕಟ್ಟು ಸೊಟ್ಟಗಾಗುವುದು, ಸಂದುಗಳಲ್ಲಿ ತುಕ್ಕು ಹಿಡಿಯುವುದು ಅದರ ದೋಷಗಳು. ಮರದಲ್ಲಾದರೆ ಒಂದು ಅಂಚು ಎತ್ತರವೆನಿಸಿದಾಗ ಸ್ಥಳದಲ್ಲೇ ಕೀಸುಳಿ ಹಿಡಿದು ಸರಿಪಡಿಸಬಹುದು.

ನೆಲ ಮತ್ತು ನೆಲ ಒರೆಸುವ ನೀರು

ತೊಟ್ಟಿಯ ನೀರಿಗಿಂತ ಹೆಚ್ಚು ಪೀಠಗಳನ್ನು ಕೆಡಿಸುವುದು ದಿನನಿತ್ಯ ನೆಲ ಒರೆಸುವ ಬಟ್ಟೆ. ನೆಲಕ್ಕೆ ತಾಗಿಕೊಂಡ ಪ್ಲೈವುಡ್ಡಿನ ಕೊರೆದ ಅಂಚು ಪ್ರತಿದಿನ ಒಂದಿಷ್ಟು ನೀರು ಹೀರಿ, ಎರಡು ಮಳೆಗಾಲದಲ್ಲಿ ಉಬ್ಬುತ್ತದೆ. ಆದ್ದರಿಂದ ಹೊರಹೊದಿಕೆಯ ಪ್ಲೈ ನೆಲದಿಂದ ಅರ್ಧ ಅಂಗುಲ ಮೇಲೆ ನಿಲ್ಲಬೇಕು. ಕೆಳ ಚೌಕಟ್ಟಿನ ಗಟ್ಟಿಮರದ ತಳಕ್ಕೆ ಎರಡು ಬಾರಿ ಬಣ್ಣವನ್ನೋ ಪಾಲಿಯುರಿಥೇನನ್ನೋ ಬಳಿದು, ಅಡಿಗೆ ರಬ್ಬರ್ ಪಟ್ಟಿ ಹಾಕಬೇಕು. ಲ್ಯಾಮಿನೇಟಿನೊಳಗೆ ಮುಚ್ಚಿಹೋಗುವ ಅಂಚುಗಳಿಗೂ ಬಣ್ಣ ಬೇಕು. ಗ್ರಾಹಕರು ಅದನ್ನು ಎಂದೂ ಕಾಣುವುದಿಲ್ಲವೆಂಬ ಕಾರಣಕ್ಕೆ ಮೊದಲು ಕೈಬಿಡುವ ಕೆಲಸವೂ ಇದೇ. ಸ್ಕ್ರೂಗಳು ಸ್ಟೇನ್‌ಲೆಸ್ ಉಕ್ಕಿನವಾದರೆ ಒಳ್ಳೆಯದು. ಪ್ಲಗ್ ಸಾಕೆಟ್ಟುಗಳನ್ನು ಪೀಠದ ತಳದಲ್ಲಿ ಇಡದೆ ಎತ್ತರದಲ್ಲಿ ಪಕ್ಕಕ್ಕೆ ಕೂರಿಸಿ, ವೈರು ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿದ್ದು ಮೇಲೇರುವಂತೆ ಬಿಟ್ಟರೆ ಅದರ ಮೇಲೆ ಹರಿದು ಬಂದ ಹನಿ ನೆಲಕ್ಕೆ ತೊಟ್ಟಿಕ್ಕುತ್ತದೆ.

ನೆಲದ ಸಾಮರ್ಥ್ಯದ ಬಗ್ಗೆ ಬಡಗಿ ತೀರ್ಪು ಕೊಡಬೇಕಾಗಿಲ್ಲ, ಆದರೆ ಪ್ರಶ್ನೆ ಎತ್ತಬೇಕು. ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗವು ವಾಸದ ಕೋಣೆಗಳಿಗೆ ಸೂಚಿಸುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ., ಅಂದರೆ ಚದರ ಅಡಿಗೆ 19 ಕೆ.ಜಿ. ಹತ್ತಿರ. ತುಂಬಿದ ತೊಟ್ಟಿ ತನ್ನಡಿಯ 12 ಚದರ ಅಡಿಯ ಮೇಲೆ ಅದರ ನಾಲ್ಕು ಪಟ್ಟು ಒತ್ತುತ್ತದೆ. ಮಾನಕದ ಅಂಕಿ ಇಡೀ ಕೋಣೆಗೆ ಹರಡಿದ್ದಾದ್ದರಿಂದ ತೊಟ್ಟಿ ಇಟ್ಟ ಕೂಡಲೇ ಸ್ಲ್ಯಾಬು ಬೀಳುತ್ತದೆಂದಲ್ಲ. ತೊಲೆ ಅಥವಾ ಭಾರ ಹೊರುವ ಗೋಡೆಯ ಪಕ್ಕದಲ್ಲಿ ಇಡುವುದಕ್ಕೂ ಕೋಣೆಯ ನಟ್ಟನಡುವೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ. ನೆಲಮಹಡಿ ಅಲ್ಲದ ಕಡೆ, ಅದರಲ್ಲೂ ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಹಳೆಯ ಮದ್ರಾಸ್ ತಾರಸಿಯ ಮನೆಗಳಲ್ಲಿ, ಇಂಜಿನಿಯರರ ಸಲಹೆ ಪಡೆಯದೆ ಇಷ್ಟು ದೊಡ್ಡ ತೊಟ್ಟಿಯ ಕೆಲಸ ಒಪ್ಪಿಕೊಳ್ಳುವುದು ಅವಿವೇಕ.

ಬಿಲ್ಲಿನಲ್ಲಿ ಬರೆಯಬೇಕಾದದ್ದು

ಒಳಾಂಗಣ ಮರಗೆಲಸದ ದರ ಸಾಮಾನ್ಯವಾಗಿ ಮುಂಭಾಗದ ಚದರ ಅಡಿಯ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಆರು ಅಡಿ ಉದ್ದ, ಎರಡೂವರೆ ಅಡಿ ಎತ್ತರದ ಪೀಠ ಈ ಲೆಕ್ಕದಲ್ಲಿ ಕೇವಲ 15 ಚದರ ಅಡಿ. ಅಷ್ಟೇ ಅಳತೆಯ ಪಾದರಕ್ಷೆಯ ಕಪಾಟಿಗೂ ಇದಕ್ಕೂ ಒಂದೇ ಬೆಲೆ ಬೀಳುತ್ತದೆ. ಆ ಬೆಲೆಗೆ ಒಪ್ಪಿದ ಬಡಗಿ ನಷ್ಟ ತಪ್ಪಿಸಿಕೊಳ್ಳಲು ಉಳಿಸುವುದು ಕಣ್ಣಿಗೆ ಕಾಣದ ಚೌಕಟ್ಟಿನಲ್ಲೇ. ಇದರಲ್ಲಿ ಮೋಸಕ್ಕಿಂತ ಹೆಚ್ಚಾಗಿ ಲೆಕ್ಕ ಹಾಕುವ ಪದ್ಧತಿಯ ದೋಷವಿದೆ. ಚೌಕಟ್ಟಿನ ಮರಕ್ಕೆ ಘನ ಅಡಿಯ ದರ, ಹೊದಿಕೆಗೆ ಚದರ ಅಡಿಯ ದರ, ಕಚ್ಚು ಜೋಡಣೆಗೆ ಕೂಲಿ ಎಂದು ಮೂರು ಸಾಲಾಗಿ ಅಂದಾಜು ಕೊಟ್ಟರೆ ಗ್ರಾಹಕರಿಗೂ ತಾವು ಯಾವುದಕ್ಕೆ ಹಣ ಕೊಡುತ್ತಿದ್ದೇವೆಂದು ತಿಳಿಯುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಈ ಸಾಲುಗಳಿಗೆ ಬೆಲೆಯಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ದೋಷಯುಕ್ತ ಉತ್ಪನ್ನದಿಂದ ಇತರ ಆಸ್ತಿಗೆ ಅಥವಾ ವ್ಯಕ್ತಿಗೆ ಹಾನಿಯಾದಲ್ಲಿ ತಯಾರಕರು, ಮಾರಾಟಗಾರರು, ಸೇವೆ ಒದಗಿಸಿದವರು ಉತ್ತರಿಸಬೇಕಾಗಬಹುದು. ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ನೀಡದಿರುವುದು ಕೂಡ ತಯಾರಕರ ಹೊಣೆಗೆ ಕಾರಣವಾಗುತ್ತದೆ. ಉತ್ಪನ್ನವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರಿಗೆ ರಕ್ಷಣೆಯೂ ಉಂಟು. ಹೀಗಿರುವಾಗ ಆರು ಅಡಿ ತೊಟ್ಟಿಗೆಂದು ಮಾಡಿದ ಪೀಠದ ಬಿಲ್ಲಿನಲ್ಲಿ 'ಮರದ ಸ್ಟ್ಯಾಂಡ್ – 1' ಎಂದಷ್ಟೇ ಬರೆದುಕೊಡುವ ತಯಾರಕರು ತಮ್ಮ ಕೈಯಲ್ಲಿ ಯಾವ ದಾಖಲೆಯನ್ನೂ ಉಳಿಸಿಕೊಂಡಿರುವುದಿಲ್ಲ. ತೊಟ್ಟಿಯ ಅಳತೆ, ಹೊರಬೇಕಾದ ಭಾರ, ಬಳಸಿದ ಮರ ಮತ್ತು ಪ್ಲೈವುಡ್ಡಿನ ದರ್ಜೆ, ನಡುಗಾಲು ತೆಗೆಯಬಾರದೆಂಬ ಸೂಚನೆ, ನೆಲದ ಸಾಮರ್ಥ್ಯದ ಖಾತರಿ ಮನೆಯವರದೆಂಬ ಮಾತು ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಸಹಿ ಪಡೆಯಲು ಐದು ನಿಮಿಷ ಸಾಕು. ತೊಟ್ಟಿ ಮಾರುವ ಅಂಗಡಿಯವರೂ ತಮ್ಮ ತೊಟ್ಟಿಗೆ ಎಂತಹ ಆಸರೆ ಬೇಕೆಂಬುದನ್ನು ಬರಹದಲ್ಲಿ ಕೊಡುವುದು ಅವರ ಹಿತಕ್ಕೇ ಒಳ್ಳೆಯದು.

ಕಾರ್ಖಾನೆ ಅಥವಾ ಶೆಡ್ಡಿನಲ್ಲಿ ಪೀಠ ಸಿದ್ಧವಾದ ಮೇಲೆ, ಸಾಗಿಸುವ ಮೊದಲು, ಒಂದು ಪರೀಕ್ಷೆ ಸಾಧ್ಯ. ಮೇಲಿನ ಪಟ್ಟಿಯ ಎರಡು ತುದಿಗಳಿಗೆ ದಾರ ಬಿಗಿದು ಮಧ್ಯದಲ್ಲಿ ಅಂತರವನ್ನು ಅಳೆದು ಬರೆದಿಟ್ಟುಕೊಂಡು, 18 ಸಿಮೆಂಟ್ ಚೀಲಗಳನ್ನು ಸಮನಾಗಿ ಪೇರಿಸಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಅದೇ ದಾರದಲ್ಲಿ ಮತ್ತೆ ಅಳೆದಾಗ ಎರಡು ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಎಲ್ಲಿಯೋ ಕಚ್ಚು ಸರಿಯಾಗಿ ಕೂತಿಲ್ಲ. ಚೀಲ ಇಳಿಸಿ ಹುಡುಕಬೇಕು. ಮನೆಯಲ್ಲಿ ಕೂರಿಸುವಾಗ ಉದ್ದಕ್ಕೆ, ಅಗಲಕ್ಕೆ, ಮೂಲೆಯಿಂದ ಮೂಲೆಗೆ ರಸಮಟ್ಟ ಇಟ್ಟು, ಬೇಕಾದಲ್ಲಿ ಪೀಠದ ಅಡಿಗೆ ತೆಳು ಬಿಲ್ಲೆ ಕೊಟ್ಟು ಸರಿಪಡಿಸಬೇಕು. ತೊಟ್ಟಿ ಮತ್ತು ಪೀಠದ ನಡುವೆ ಬಿಲ್ಲೆ ಸಿಕ್ಕಿಸುವುದು ಸಲ್ಲದು. ನೀರನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಹೀಗೆ ತುಂಬುತ್ತ ಪ್ರತಿ ಹಂತದಲ್ಲೂ ಮಟ್ಟ ನೋಡಿ, ಪೂರ್ತಿ ತುಂಬಿದ ಮರುದಿನ ಇನ್ನೊಮ್ಮೆ ಬಂದು ನೋಡುವುದು ಲೇಸು. ಆ ದಿನದ ಅಳತೆಗಳನ್ನು ಬಿಲ್ಲಿನ ಹಿಂಬದಿಯಲ್ಲಿ ತಾರೀಖಿನೊಡನೆ ಬರೆದು, ಒಂದು ಪ್ರತಿ ಮನೆಯವರಿಗೆ ಕೊಟ್ಟು, ಒಂದನ್ನು ಅಂಗಡಿಯ ಕಡತದಲ್ಲಿ ಇಟ್ಟುಕೊಳ್ಳಬಹುದು.